ಇಪ್ಪತ್ತು ನಿಮಿಷದ ಬಿಸಿಲು

"ನಿಮ್ಮ ಮನೆಯವರ ವಿಟಮಿನ್ ಡಿ ಒಂಬತ್ತಕ್ಕೆ ಇಳಿದಿದೆ ಯಜಮಾನ್ರೇ. ಮೂವತ್ತಾದ್ರೂ ಇರ್ಬೇಕಿತ್ತು," ಎಂದಳು ಫೋನಿನಲ್ಲಿ ರಕ್ತಪರೀಕ್ಷೆ ಕೇಂದ್ರದ ಹುಡುಗಿ.

ಫ್ರೇಮಯ್ಯನ ಹೆಂಡತಿ ತೀರಿಕೊಂಡು ಅಂದಿಗೆ ಹದಿನೇಳು ದಿನ. ಕೀಲುನೋವೆಂದು ರಕ್ತ ಕೊಟ್ಟು ಬಂದ ಮೂರನೆಯ ದಿನ ಅವಳ ಹೃದಯ ನಿಂತಿತ್ತು. ಅದನ್ನು ಹೇಳಲು ಆತ ಬಾಯಿ ತೆರೆದ. ಅಷ್ಟರಲ್ಲಿ ಹುಡುಗಿ, "ಈಗ ಹೇಗಿದಾರೆ?" ಎಂದು ಕೇಳಿಬಿಟ್ಟಳು. ಹದಿನೇಳು ದಿನದಿಂದ ಬಂದವರೆಲ್ಲ ಅವಳು ಹೇಗಿದ್ದಳು ಎಂದೇ ಮಾತಾಡಿದ್ದರು. ಹೇಗಿದ್ದಾಳೆ ಎಂದು ಕೇಳಿದವಳು ಇವಳೊಬ್ಬಳೇ. ಬಾಯಿಗೆ ಬಂದ ಮಾತು ಗಂಟಲಿಗೆ ಹಿಂದಿರುಗಿತು. ಆದರೆ ಆತ ದೇವರಿಗೆ ಅಂಜುವ ಮನುಷ್ಯ, ಹುಟ್ಟಿದಾರಭ್ಯ ಸುಳ್ಳಾಡಿದವನಲ್ಲ.

"ಈಗ ನೋವಿಲ್ಲ ತಾಯಿ."

"ಓಡಾಡ್ತಾರಾ?"

"ಇಲ್ಲ. ಗೋಡೆ ಬಿಟ್ಟು ಕದಲಲ್ಲ."

"ಊಟ?"

"ಬಿಟ್ಟಿದಾಳೆ."

"ನೋಡಿ, ಹೀಗೆ ಒಳಗೇ ಇದ್ರೆ ಆಗಲ್ಲ. ಡಿ ಕಮ್ಮಿಯಾದೋರಿಗೆ ಮೈಯಲ್ಲಿ ಉರಿಯೂತ ಜಾಸ್ತಿಯಂತೆ. ಕೀಲುನೋವು, ಸಕ್ಕರೆ ಕಾಯಿಲೆ, ಹೃದಯ, ಎಲ್ಲಕ್ಕೂ ನಂಟಿದೆ ಅಂತಾರೆ ಡಾಕ್ಟ್ರು. ಯಾವುದು ಕಾರಣ, ಯಾವುದು ಫಲ ಅನ್ನೋದು ಅವರಿಗೂ ಪೂರ್ತಿ ಗೊತ್ತಿಲ್ಲ. ನೀವು ದಿನಾ ಇಪ್ಪತ್ತು ನಿಮಿಷ ಬಿಸಿಲಿಗೆ ಕೂರ್ಸಿ. ಗಾಜಿನ ಹಿಂದೆ ಕೂರ್ಸಿದ್ರೆ ಪ್ರಯೋಜನ ಇಲ್ಲ, ಬಿಸಿಲು ನೇರ ಬೀಳ್ಬೇಕು. ಎರಡು ತಿಂಗಳು ಬಿಟ್ಟು ಫೋನ್ ಮಾಡ್ತೀನಿ. ಕೂರಿಸ್ತೀರಲ್ಲ?"

"ಆಗಲಿ ತಾಯಿ."

ಮಾತು ಕೊಟ್ಟಾಯಿತು. ಬೀದಿಯವರ ಫೋಟೋಗಳಿಗೆಲ್ಲ ಚೌಕಟ್ಟು ಹಾಕಿ ಫ್ರೇಮಯ್ಯ ಎನ್ನಿಸಿಕೊಂಡವನು, ಹೆಂಡತಿಯ ಫೋಟೋವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದ. ನಾಲ್ಕು ವರ್ಷದಿಂದ ಅವನ ಬೆರಳ ಗಿಣ್ಣುಗಳು ಊದಿ ಶುಂಠಿಯ ಹಾಗಾಗಿದ್ದವು. ಗಾಜು ತೆಗೆಯಲು ಚೌಕಟ್ಟಿನ ಹಿಂಬದಿಯ ಮೊಳೆ ಕೀಳಬೇಕಿತ್ತು. ಅದಕ್ಕೆ ತಂಗಿಯನ್ನು ಕರೆದು, ಫೋನಿನ ಸಂಗತಿ ಹೇಳಿದ.

ತಂಗಿ ಇಕ್ಕಳ ಕೆಳಗಿಟ್ಟಳು. "ಅಣ್ಣಾ, ಬಿಸಿಲು ಬೀಳೋ ಕಡೆ ಫೋಟೋ ಹಾಕ್ಬೇಡಿ, ಬಣ್ಣ ಹಾರುತ್ತೆ ಅಂತ ನಲವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದೋನು ನೀನು. ಇದು ಅಗ್ಗದ ಪ್ರಿಂಟು. ಅತ್ತಿಗೇದು ಇರೋದೂ ಇದೊಂದೇ. ಆ ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಹೆಸರು ಹೊಡೆದುಹಾಕ್ತಾಳೆ. ಬೇರೆ ಎಲ್ಲಾ ಪಟ್ಟಿಯಲ್ಲೂ ಹೊಡೆದಾಯ್ತು. ಅದೊಂದರಲ್ಲಿ ಉಳ್ಕೊಂಡಿದಾಳೆ."

ತಂಗಿ ಇಕ್ಕಳ ಎತ್ತಿಕೊಂಡು ಮೊಳೆ ಕಿತ್ತಳು. ಗಾಜನ್ನು ಗೋಡೆಗೆ ಒರಗಿಸಿ, "ಉರಿಯೂತಕ್ಕೆ ಉರಿಬಿಸಿಲೇ ಮದ್ದು. ಚೆನ್ನಾಗಿದೆ," ಎಂದಳು.

ದಿನವೂ ಹತ್ತು ಗಂಟೆಗೆ ತಾರಸಿಯ ಮೇಲೆ ಎರಡು ಕುರ್ಚಿ. ಗಾಜಿನ ಭಾರವಿಲ್ಲದ ಚೌಕಟ್ಟು ಗಾಳಿಗೆ ಮಗುಚುತ್ತಿತ್ತು. ಫ್ರೇಮಯ್ಯ ಅಂಗಿಯ ತೋಳು ಮೇಲಕ್ಕೆ ಮಡಿಚಿ ಅದನ್ನು ಹಿಡಿದುಕೊಂಡೇ ಕೂರಬೇಕು. ಬೆಳಗಿನ ಪ್ರಾರ್ಥನೆ ಅಲ್ಲೇ ಆಗುತ್ತಿತ್ತು, ಆಮೇಲೆ ಅಂಗಡಿಯ ಸುದ್ದಿ. ಇಪ್ಪತ್ತು ನಿಮಿಷ ಮೆಲ್ಲಗೆ ಎರಡು ಗಂಟೆಯಾಯಿತು. ಬಟ್ಟೆ ಒಣಹಾಕಲು ಬಂದ ನೆರೆಯವರು ಆಕೆಯ ಮೇಲೆ ನೆರಳು ಬೀಳದ ಹಾಗೆ ಸುತ್ತು ಬಳಸಿ ನಡೆಯುವುದನ್ನು ಕಲಿತರು. ಮೊದಲು ತುಟಿಯ ಕೆಂಪು ಹೋಯಿತು, ಆಮೇಲೆ ಕೆನ್ನೆ, ಆಮೇಲೆ ಹುಬ್ಬು. ಕೊಟ್ಟ ಕೈಯೇ ತೆಗೆದುಕೊಳ್ಳುತ್ತಿದೆ, ನಡುವೆ ನಾನು ಯಾರು ಎಂದುಕೊಂಡು ಆತ ಕಣ್ಣು ಮುಚ್ಚುತ್ತಿದ್ದ.

ಎರಡು ತಿಂಗಳಿಗೆ ಸರಿಯಾಗಿ ಫೋನು ಬಂತು. "ರಕ್ತ ಕೊಡೋಕೆ ಕಳಿಸಿ ಯಜಮಾನ್ರೇ. ಬರದೇ ಇದ್ರೆ ಹೆಸರು ತೆಗೀಬೇಕಾಗುತ್ತೆ."

ಆ ದಿನ ಫ್ರೇಮಯ್ಯ ಊಟದ ತಟ್ಟೆ ಮುಟ್ಟಲಿಲ್ಲ. ನೋಡಿ ನೋಡಿ ತಂಗಿಗೆ ರೇಗಿತು. "ಹೆಂಡ್ತಿ ಅಂದ್ರೆ ಅರ್ಧಾಂಗಿ, ಎಡಭಾಗ ಪೂರ್ತಿ ಅವಳದು ಅಂತ ಮದುವೆ ಫೋಟೋ ಕೊಡುವಾಗೆಲ್ಲ ಉಪದೇಶ ಮಾಡ್ತಿದ್ದೆಯಲ್ಲ. ಹೋಗಿ ಎಡಗೈ ಕೊಟ್ಟು ಬಾ."

ಅವಳು ಆಡಿದ್ದು ಚುಚ್ಚುಮಾತು. ಆತ ಅದನ್ನು ಶಾಸ್ತ್ರವೆಂದೇ ಎತ್ತಿಕೊಂಡ.

ರಕ್ತ ತೆಗೆಯುವವನು ಹೆಂಡತಿಯ ಹೆಸರಿದ್ದ ಚೀಟಿ ನೋಡಿದ, ತೋಳು ನೋಡಿದ, ಮುಖ ನೋಡಲಿಲ್ಲ. "ಬಲಗೈ ಚಾಚಿ, ಅದರಲ್ಲಿ ನರ ಚೆನ್ನಾಗಿ ಕಾಣ್ತಿದೆ."

"ಬಲಗೈ ನನ್ನದಪ್ಪ. ಎಡಗೈಲೇ ತೆಗೀಬೇಕು."

ದಿನಕ್ಕೆ ನೂರು ಜನರ ನೂರು ಹಟ ಕಂಡವನು. ಮರುಮಾತಾಡದೆ ಎಡತೋಳಿಗೆ ಪಟ್ಟಿ ಬಿಗಿದ.

ಮೂರನೆಯ ದಿನ ಹುಡುಗಿಯ ದನಿಯಲ್ಲಿ ಹಿಗ್ಗಿತ್ತು. "ಮೂವತ್ತನಾಲ್ಕು ಬಂದಿದೆ. ನಿಮ್ಮ ಮನೆಯವರು ಗೆದ್ರು. ನಾವು ಕೂರ್ಸಿ ಅಂತೀವಿ, ನಿಮ್ಮ ಹಾಗೆ ಯಾರೂ ಕೂರ್ಸಲ್ಲ. ಇನ್ನು ಬಿಸಿಲು ಸಾಕು, ಒಳಗೆ ಕರ್ಕೊಳ್ಳಿ. ಪಟ್ಟಿಯಿಂದ ಹೆಸರು ತೆಗೀತಾ ಇದೀನಿ. ಸರಿಹೋದೋರಿಗೆ ನಾವು ಫೋನ್ ಮಾಡಲ್ಲ."

"ನಿನಗೆ ಒಳ್ಳೇದಾಗಲಿ ತಾಯಿ," ಎಂದು ಫ್ರೇಮಯ್ಯ ಫೋನು ಇಟ್ಟ. ಆಮೇಲೆ ಗಾಜು ಒರೆಸಿ ಚೌಕಟ್ಟಿಗೆ ಕೂರಿಸಿದ, ಮೊಳೆ ಹೊಡೆದ, ಗೋಡೆಗೆ ತೂಗುಹಾಕಿದ. ಮೊಳೆ ಹಿಡಿಯಲು ತಂಗಿಯನ್ನು ಕರೆಯಲೇ ಇಲ್ಲವಲ್ಲ ಎಂಬುದು ಎಲ್ಲ ಮುಗಿದ ಮೇಲೆ ಹೊಳೆಯಿತು.

ಸುತ್ತಿಗೆಯ ಸದ್ದಿಗೆ ತಂಗಿಯೇ ಬಂದಳು. ಗೋಡೆಯ ಮೇಲೆ ಗಾಜು ಹೊಳೆಯುತ್ತಿತ್ತು, ಅದರ ಹಿಂದೆ ಬಿಳಿಯ ಹಾಳೆ. ಮೂಗು ತಾಗಿಸಿ ನೋಡಿದರೆ ಕನ್ನಡಕದ ಗೆರೆಯಂಥದೇನೋ ಒಂದು.

"ಅಣ್ಣಾ, ಇದರಲ್ಲಿ ಯಾರೂ ಇಲ್ಲ. ಅತ್ತಿಗೆ ಎಲ್ಲಿ?"

ಫ್ರೇಮಯ್ಯ ಎಡತೋಳಿನ ಸೂಜಿಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡ.

"ಬಿಸಿಲು ಸಾಕಂತೆ," ಎಂದ. "ಒಳಗೆ ಬಂದ್ಲು."