ಅಂಚು ಮುಟ್ಟಿದಾಕಿ

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆರಳು ತಾನಾಗಿ ಅದರ ಅಂಚನ್ನು ಹುಡುಕುತ್ತದೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ಅಜ್ಜಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಅಂದು ಶನಿವಾರ ಮಧ್ಯಾಹ್ನ. ನಾನು ಮೊದಲ ಸಲ ಮುಟ್ಟಾಗಿ ಮೂಲೆಯ ಚಾಪೆಯ ಮೇಲೆ ಕೂತಿದ್ದೆ. "ಮಗ್ಗಾ ಮುಟ್ಟಬ್ಯಾಡ. ನಾಳಿ ಚರ್ಚಿಗೂ ಬರಬ್ಯಾಡ," ಎಂದು ಹೇಳಿ ಅವ್ವ ನೀರಿಗೆ ಹೋಗಿದ್ದಳು.

ಲಾಳಿ ನಿಂತಿತು. "ಇಲ್ಲಿ ಬಾ ಯವ್ವಾ," ಎಂದಳು ಅಜ್ಜಿ.

"ಅವ್ವ ಬೈತಾಳ."

"ಬೈಬಲ್‌ನ್ಯಾಗ ಹನ್ನೆರಡ ವರ್ಷ ರಕ್ತ ಹೋಗಾಕತ್ತಿದ್ದ ಆ ಹೆಣ್ಮಗಳು ಯೇಸುಸ್ವಾಮಿ ಅರಿವಿ ಅಂಚ ಮುಟ್ಟಿ ಆರಾಮಾದ್ಲು. ಮೈಲಿಗಿ ಆತು ಅಂದನೇನ ಅವ? 'ಮಗಳೇ' ಅಂದ. ಪಾದ್ರಿಗೋಳು ಆಕಿ ನಂಬಿಕಿ ಬಗ್ಗೆ ಹೇಳ್ತಾರ. ಆಕಿ ರಕ್ತದ ಬಗ್ಗೆ ಯಾರೂ ಹೇಳಂಗಿಲ್ಲ."

ಅವಳ ಪಕ್ಕ ಕುಣಿಗೆ ಇಳಿದು, ಅಂದಾಜಿಲ್ಲದೆ ಲಾಳಿ ಎಸೆದೆ. ಎಳೆ ಸಡಿಲಾಗಿ ಅಂಚಿನಲ್ಲಿ ನೂಲಿನ ಸಣ್ಣ ಉಂಗುರವೊಂದು ಎದ್ದಿತು.

"ಬಿಚ್ಚಲೇನ ಅಜ್ಜಿ?"

"ಇರಲಿ ಬಿಡು. ಈ ಸೀರಿ ನಾನ ಉಡತೇನಿ."

ಮರುದಿನ ನನ್ನ ಕೈ ಹಿಡಿದು ಕರೆದೊಯ್ದು ಚರ್ಚಿನ ಮೊದಲ ಸಾಲಿನಲ್ಲಿ ಕೂರಿಸಿದಳು. ಅವ್ವ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು.

ಎಷ್ಟೋ ವರ್ಷಗಳ ಮೇಲೆ, ಅದೇ ಸೀರೆ ಉಡಿಸಿ ಅಜ್ಜಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ ದಿನ, ನಾನು ಬಗ್ಗಿ ಅಂಚು ಮುಟ್ಟಿದೆ. ಆ ನೂಲಿನ ಉಂಗುರ ಬೆರಳಿಗೆ ಸಿಕ್ಕಿತು. ಅವಳು ಮತ್ತೆ 'ಇಲ್ಲಿ ಬಾ ಯವ್ವಾ' ಎಂದು ಕರೆದಾಳೇನೋ ಎಂದು, ಅದನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತೆ.