ಎಂಜಲು

ಹಾಸಿಗೆ ಹಿಡಿದಿದ್ದ ಮುದುಕಿ ಪವಿತ್ರ ರೊಟ್ಟಿಯ ಚೂರನ್ನು ನುಂಗಲಾರದೆ ಉಗುಳಿಬಿಟ್ಟಳು. ನೆಲಕ್ಕೆ ಬೀಳುವ ಮೊದಲೇ ಅದು ಆಸ್ಪತ್ರೆಯ ಬಟ್ಟೆ ಒಗೆಯುವಾಕೆಯ ಅಂಗೈಯಲ್ಲಿತ್ತು. ಆರಾಧನೆಗೆ ಬರಲಾಗದ ಕಾಯಿಲೆಯವರ ಮನೆಗೆ ಪ್ರತಿ ಭಾನುವಾರ ಚರ್ಚಿನಿಂದ ರೊಟ್ಟಿ ತರುತ್ತಿದ್ದವಳು ಅವಳೇ.

ಜೊಲ್ಲಿನಲ್ಲಿ ನೆನೆದ ಆ ಚೂರನ್ನು ನೋಡಿ ಮುದುಕಿಯ ಮಗಳು ಹಿಂದೆ ಸರಿದಳು. ತನ್ನ ಹೊಲಿಗೆ ಯಂತ್ರದ ಮೇಲಿದ್ದ ತುಂಡುಬಟ್ಟೆಯನ್ನು ಎತ್ತಿ ಚಾಚಿದಳು. "ಇದ್ರಲ್ಲಿ ಸುತ್ತಿ ಕೊಡಿ ಅಕ್ಕ, ಆಚೆ ಹಾಕ್ತೀನಿ."

"ಪ್ರಾರ್ಥನೆ ಮಾಡಿ ಮುರಿದಿದ್ದು, ಎಸೀಬಾರ್ದಲ್ವಾ," ಎಂದವಳೇ ಬಟ್ಟೆ ಒಗೆಯುವಾಕೆ ಅದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಸೆರಗಿನಿಂದ ಮುದುಕಿಯ ಗಲ್ಲ ಒರೆಸಿದಳು. "ಮುಂದಿನ ವಾರ ಇನ್ನೂ ಸಣ್ಣ ಚೂರು ತರ್ತೀನಿ ದೊಡ್ಡಮ್ಮ."

ಮಗಳ ಮುಖಕ್ಕೆ ಬಿಸಿ ಏರಿತು. ಬೆಳಿಗ್ಗೆ ಚರ್ಚಿನಲ್ಲಿ ತಾನೂ ಈಕೆಯೂ ಅಕ್ಕಪಕ್ಕ ಮೊಣಕಾಲೂರಿದ್ದರು. ದ್ರಾಕ್ಷಾರಸಕ್ಕೆ ಎಲ್ಲರಿಗೂ ಒಂದೇ ಬಟ್ಟಲು. ಈಕೆ ಕುಡಿದ ಮೇಲೆ ಅದು ತನ್ನ ಸರದಿಗೆ ಬಂದಾಗ, ರೋಗಿಗಳ ಬಟ್ಟೆ ಒಗೆಯುವವಳ ಬಾಯಿ ತಗುಲಿದ ಕಡೆ ಬೇಡವೆಂದು ಮೆಲ್ಲಗೆ ತಿರುಗಿಸಿ, ಇನ್ನೊಂದು ಅಂಚಿನಿಂದ ಗುಟುಕರಿಸಿದ್ದಳು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು.

ಒಳಗೆ ಹೋಗಿ, ತಾನು ದಿನವೂ ಕುಡಿಯುವ ಲೋಟದಲ್ಲೇ ನೀರು ತಂದುಕೊಟ್ಟಳು. ಬಟ್ಟೆ ಒಗೆಯುವಾಕೆ ತಲೆ ಹಿಂದಕ್ಕೆ ಬಾಗಿಸಿ, ಲೋಟ ತುಟಿಗೆ ಸೋಕದಂತೆ ಎತ್ತಿ ಹಿಡಿದು, ಬಾಯಿಗೆ ನೀರು ಹೊಯ್ದುಕೊಂಡಳು. ಲೋಟ ವಾಪಸು ಕೊಡುವಾಗ ಅವಳ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ.

"ಎಂಜಲಾಗಿಲ್ಲಮ್ಮ, ಹಾಗೇ ಇಟ್ಕೊಳ್ಳಿ."