ಆರದ ಹಸಿರು ಚುಕ್ಕೆಗಳು

ಐವತ್ತು ವರ್ಷಗಳ ಹಿಂದಿನ ಮಾತು... ಧಾರವಾಡದ ಒಂದು ಕಾಲೇಜಿನಲ್ಲಿ ಬಸವಂತಪ್ಪ ಹಂಚಿನಾಳ ಎಂಬ ತರುಣ ಅಧ್ಯಾಪಕರಿದ್ದರು.

ಜೀವಕೋಶವು ತನ್ನೊಳಗಿನ ಹಾಳಾದ ಭಾಗಗಳನ್ನು ತಾನೇ ತಿಂದು ಕರಗಿಸಿ, ಅದರಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ಆಟೋಫೆಜಿ ಎಂಬ ಈ ಕ್ರಿಯೆಯನ್ನು ಕಣ್ಣಾರೆ ಕಾಣಬೇಕೆಂದು ಅವರು ಹಟ ಹಿಡಿದಿದ್ದರು.

ಕೋಶಗಳನ್ನು ತಂಪಾಗಿಡುವ ಯಂತ್ರ ಕಾಲೇಜಿನಲ್ಲಿರಲಿಲ್ಲ. ಐಸ್ ಫ್ಯಾಕ್ಟರಿಯ ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು, ಮೇ ತಿಂಗಳ ಬಿಸಿಲಿನಲ್ಲಿ ತರುತ್ತಿದ್ದರು. ಎಷ್ಟೋ ಸಲ ಅದು ಅರ್ಧ ದಾರಿಯಲ್ಲೇ ಕರಗಿ ಹೋಗುತ್ತಿತ್ತು...

ಎರಡು ಬೇಸಿಗೆ ಕಳೆದ ಮೇಲೆ, ಮುಂಬಯಿಯ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದ ಒಂದು ಕಪ್ಪು-ಬಿಳುಪು ಚಿತ್ರ ಅಂಚೆಯಲ್ಲಿ ಬಂತು. ತನ್ನದೇ ತುಣುಕೊಂದನ್ನು ಚೀಲ ಕಟ್ಟಿ ನುಂಗುತ್ತಿರುವ ಜೀವಕೋಶ!

ಆ ಚಿತ್ರ ಇಂದಿಗೂ ವಿಭಾಗದ ಗೋಡೆಯ ಮೇಲಿದೆ. ನಿವೃತ್ತರಾದ ಮೇಲೂ ಪ್ರತಿ ಶನಿವಾರ ಲ್ಯಾಬಿಗೆ ಬರುವ ಹಂಚಿನಾಳ ಸರ್, ಸಿಕ್ಕವರಿಗೆಲ್ಲ ಅದರ ಕಥೆ ಹೇಳುತ್ತಾರೆ.

ಅವರ ಕೋಲಿನ ಸದ್ದು ಕೇಳಿದೊಡನೆ ಸಂಶೋಧನಾ ವಿದ್ಯಾರ್ಥಿಗಳು ಮೆಲ್ಲನೆ ಕ್ಯಾಂಟೀನಿಗೆ ಜಾರಿಕೊಳ್ಳುತ್ತಾರೆ.

ಒಂದು ಶನಿವಾರ ದಾನೇಶ್ವರಿ ಹೊಸಮನಿ ಎಂಬ ವಿದ್ಯಾರ್ಥಿನಿ ಮಾತ್ರ ಜಾರಿಕೊಳ್ಳಲಿಲ್ಲ. ಅವರಿಗಾಗಿಯೇ ಕಾದಿದ್ದಳು.

ಅವಳ ತಂದೆ ರುದ್ರಪ್ಪ, ಅಂಗಡಿಗಳ ಬೋರ್ಡು ಬರೆದು ಮನೆ ನಡೆಸಿದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗತೊಡಗಿದ ಮೇಲೆ ಕುಂಚ ಮುಟ್ಟಿರಲಿಲ್ಲ.

ಮಿದುಳಿನ ಕೋಶಗಳಲ್ಲಿ ಕಸ ತುಂಬುವುದಕ್ಕೂ ಈ ಕಾಯಿಲೆಗೂ ಸಂಬಂಧವಿದೆ ಎಂದು ಓದಿದಂದಿನಿಂದ ಮಗಳ ಸಂಶೋಧನೆಗೆ ಒಂದೇ ಗುರಿ... ಆ ಕಸ ತೆಗೆಯುವ ಔಷಧ.

ಒಂದು ಕಾಡುಬಳ್ಳಿಯ ಬೇರಿನ ಸಾರವನ್ನು ಅವಳು ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳಿಗೆ ಹಾಕಿದಾಗ, ಮೈಕ್ರೋಸ್ಕೋಪಿನ ಪರದೆಯ ತುಂಬ ಹಸಿರು ಚುಕ್ಕೆಗಳು ಮಿನುಗಿದ್ದವು. ಒಂದೊಂದು ಚುಕ್ಕೆಯೂ ಕಸ ತುಂಬಿದ ಒಂದೊಂದು ಚೀಲ.

"ನೋಡ್ರಿ ಸರ್, ಎಷ್ಟ್ ಚೀಲ ಕಟ್ಟೇತಿ! ಬೇರು ಕುಟ್ಟಿ ಪುಡಿ ಮಾಡಿ ಇಟ್ಟೇನಿ. ಸೋಮವಾರದಿಂದ ಅಪ್ಪಗ ಕೊಡಾಕ ಸುರು ಮಾಡತೀನ್ರಿ."

ಸರ್ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಚೀಲ ಕಟ್ಟಿದ್ದು ಕಂಡಿತು. ಕಟ್ಟಿದ ಚೀಲ ಎಲ್ಲಿಗೆ ಹೋದವು?"

"ಹೋಗೂದಂದ್ರ... ಏನ್ರಿ ಸರ್?"

"ನಿಮ್ಮ ಓಣ್ಯಾಗ ಮನಿ ಮುಂದ ಕಸದ ಚೀಲ ಸಾಲಾಗಿ ಕುಂತಾವಂದ್ರ, ಓಣಿ ಸ್ವಚ್ಛ ಆಗೇತಿ ಅಂತೀಯೋ, ಕಸದ ಗಾಡಿ ಬಂದಿಲ್ಲ ಅಂತೀಯೋ?"

ದಾನೇಶ್ವರಿ ಮತ್ತೊಮ್ಮೆ ಪರದೆಯತ್ತ ನೋಡಿದಳು.

"ಎರಡು ಬಣ್ಣದ ಪರೀಕ್ಷಾ ಮಾಡೀ ಏನು?"

"ಇಲ್ರಿ... ನನ್ನ ಗೈಡ್ ಮಾಡಂತ ಹೇಳ್ಯಾರ್ರಿ. ನಾನ ಮುಂದ ಮಾಡಿದ್ರಾತಂತ ಬಿಟ್ಟೇನ್ರಿ."

"ಮುಂದ ಅಂದ್ರ? ನಿಮ್ಮಪ್ಪ ಕುಡದ ಮ್ಯಾಲ?"

ಅವಳಿಗೆ ಸಿಟ್ಟು ನೆತ್ತಿಗೇರಿತು. "ಸೈಕಲ್ ಮ್ಯಾಲ ಐಸ್ ತರೂ ಕಾಲ ಹೋತ್ರಿ ಸರ್. ಈಗ ಎಲ್ಲಾ ಕಣ್ಣಿಗೆ ಕಾಣತೈತಿ."

"ಕಣ್ಣಿಗೆ ಕಾಣೂದಕ್ಕನ ಮಂದಿ ಮೋಸ ಹೋಗೂದು, ತಂಗಿ," ಎಂದು ಹೇಳಿ ಅವರು ಹೊರಟುಹೋದರು.

ಸಿಟ್ಟೇನೋ ಇತ್ತು... ಆದರೆ ಸೋಮವಾರ ಬಂದರೂ ಅವಳು ಆ ಪುಡಿಯ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಲ್ಯಾಬಿಗೆ ಹೋಗಿ ಎರಡು ಬಣ್ಣದ ಪರೀಕ್ಷೆಗೆ ಕೈಹಾಕಿದಳು.

ಆ ಪರೀಕ್ಷೆಯಲ್ಲಿ ಪ್ರತಿ ಚೀಲಕ್ಕೂ ಹಸಿರು, ಕೆಂಪು ಎರಡೂ ಗುರುತು. ಎರಡೂ ಬೆರೆತಿರುವ ತನಕ ಚುಕ್ಕೆ ಹಳದಿಯಾಗಿ ಕಾಣುತ್ತದೆ.

ಚೀಲವು ಕೋಶದೊಳಗಿನ ಆಮ್ಲದ ಕೋಣೆಯನ್ನು ಸೇರಿದರೆ ಹಸಿರು ಆರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಕೆಂಪು ಕಂಡರೆ ಕಸ ಕರಗುವ ಜಾಗಕ್ಕೆ ತಲುಪಿತು ಎಂದರ್ಥ.

ಶುಕ್ರವಾರ ಸಂಜೆ ದಾನೇಶ್ವರಿ ಪರದೆಯ ಮೇಲೆ ಕೆಂಪನ್ನು ಹುಡುಕಿದಳು. ಮೂಲೆಯಿಂದ ಮೂಲೆಗೆ ಹುಡುಕಿದಳು...

ಎಲ್ಲವೂ ಹಳದಿ.

ಬೇರಿನ ಸಾರ ಕಸ ತೆಗೆಸುತ್ತಿರಲಿಲ್ಲ. ಕಸ ಹೋಗುವ ಕೊನೆಯ ದಾರಿಯನ್ನೇ ಮುಚ್ಚಿತ್ತು. ಚೀಲಗಳು ಹೆಚ್ಚಾಗಿದ್ದುದು ಅವು ಹೋಗಲು ದಾರಿಯಿಲ್ಲದೆ!

ಮರುದಿನ ಸರ್ ಬಂದಾಗ ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಮಾತು ಹೊರಡುವ ಮೊದಲೇ ಕಣ್ಣೀರು ಹೊರಟಿತು.

"ಸರ್... ನಾ ನನ್ನ ಕೈಯಾರೆ ಅಪ್ಪಗ..."

"ಕೊಟ್ಟಿಲ್ಲಲ್ಲ? ಮತ್ಯಾಕ ಅಳತೀ?" ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. "ನೀ ಸೋತಿಲ್ಲವಾ. ಬೇರು ಸೋತೈತಿ. ಅದನ್ನ ಸೋಲಿಸಿದಾಕಿ ನೀನ."

ಆ ರಾತ್ರಿ ಊಟದ ಹೊತ್ತಿಗೆ ಅವಳು ತಂದೆಗೆ ಎಲ್ಲವನ್ನೂ ಹೇಳಿದಳು. ರುದ್ರಪ್ಪ ನಕ್ಕರು.

"ಅಂದ್ರ ಆ ಕಹಿ ಪುಡಿ ಕುಡಿಯೂದು ತಪ್ಪಿತಲ್ಲ? ಪಾರಾದೆ ಬಿಡು!"

ಬಳಿಕ ನಡುಗುವ ಎರಡೂ ಕೈಗಳಿಂದ ಮಗಳ ಕೈ ಹಿಡಿದುಕೊಂಡರು.

"ನನ್ನ ಸಲುವಾಗಿ ಅವಸರ ಮಾಡಬ್ಯಾಡವಾ. ನನ್ನಂಥಾರು ಭಾಳ ಮಂದಿ ಅದಾರ. ತಡಾ ಆದ್ರ ಆಗಲಿ... ಖರೇದ್ದನ್ನ ಹುಡುಕು."

ಸೋಮವಾರ ದಾನೇಶ್ವರಿ ತನ್ನ ಸಂಶೋಧನೆಯ ಗೈಡ್ ಮುಂದೆ ಹಸಿರು ಚಿತ್ರ, ಹಳದಿ ಚಿತ್ರ ಎರಡನ್ನೂ ಇಟ್ಟು, ತನ್ನ ಪ್ರಬಂಧದ ಮುಖ್ಯ ಅಧ್ಯಾಯವನ್ನು ತಾನೇ ಹಿಂತೆಗೆದುಕೊಂಡಳು. ಇನ್ನೊಂದು ವರ್ಷದ ಕೆಲಸ ಹೆಗಲೇರಿತು. ಪುಡಿ ಮಾಡಿಟ್ಟ ಬೇರು ಮಣ್ಣು ಸೇರಿತು.

ಮುಂದಿನ ಶನಿವಾರ ಕಾರಿಡಾರಿನಲ್ಲಿ ಕೋಲಿನ ಸದ್ದು ಕೇಳಿತು. ಉಳಿದವರು ಕ್ಯಾಂಟೀನಿನತ್ತ ನಡೆದರು. ದಾನೇಶ್ವರಿ ಸರ್‌ಗೆ ಕುರ್ಚಿ ಹಾಕಿದಳು.

"ಸರ್, ಆ ಚಿತ್ರದ ಕಥಿ ಇನ್ನೊಮ್ಮೆ ಹೇಳ್ರಿ."

"ಐಸ್ ತರೂ ಕಾಲ ಹೋತು ಅಂದಿದ್ದಿಯಲ್ಲ?"

"ಅಂದಿದ್ದೆ ಖರೇರಿ... ಆದ್ರ ಐಸ್ ಕರಗಿ ಹೋದ ದಿನಾ ಬರಿಗೈಲೆ ಮನಿಗೆ ಹೋಗಿ ನೀವು ಏನ್ ಮಾಡತಿದ್ರಿ, ಅದನ್ನ ಒಮ್ಮೆನೂ ಹೇಳಿಲ್ಲ. ಈ ಸಲ ಅಲ್ಲಿಂದ ಸುರು ಮಾಡ್ರಿ."

ಪ್ರೀತಿ ಹೆಚ್ಚಿದ್ದಲ್ಲಿ ಪರೀಕ್ಷೆಯೂ ಹೆಚ್ಚು ಕಠಿಣವಾಗಿರಬೇಕು.

ನಮ್ಮವರಿಗೆ ಒಳ್ಳೆಯದಾಗಲೆಂದು ನಾವು ಕೊಡುವ, ಕುಡಿಸುವ ಔಷಧಗಳನ್ನು, ಫೋನಿನಲ್ಲಿ ಕಳಿಸುವ ಮದ್ದಿನ ಸಲಹೆಗಳನ್ನು... ಒಮ್ಮೆಯಾದರೂ ಕೊನೆಯವರೆಗೆ ಪರೀಕ್ಷಿಸಿ ನೋಡಿದ್ದೇವೆಯೇ?